ಗೋದಾಮಿನ ದುಡಿಮೆಯಲ್ಲಿ ದೇಹರಕ್ಷಣೆ

ನಮ್ಮ ಹಳ್ಳಿಗಳ ಅನೇಕ ತರುಣರು ಇಂದು ನೆಲಮಂಗಲ, ಹೊಸಕೋಟೆಗಳ ಸುತ್ತಲಿನ ದೊಡ್ಡ ಗೋದಾಮುಗಳಲ್ಲಿ ದುಡಿಯುತ್ತಿದ್ದಾರೆ. ಹಿಂದೆ ಹಮಾಲರು ಬೆನ್ನಮೇಲೆ ಹೊರುತ್ತಿದ್ದ ಭಾರವನ್ನು ಅಲ್ಲಿ ಫೋರ್ಕ್‌ಲಿಫ್ಟ್ ತನ್ನೆರಡು ಉಕ್ಕಿನ ತೋಳುಗಳ ಮೇಲೆ ಎತ್ತುತ್ತದೆ. ಬೆನ್ನಿನ ಭಾರ ಇಳಿಯಿತು, ನಿಜ; ಆದರೆ ಹೊಸ ಬಗೆಯ ಅಪಾಯವೊಂದು ಜೊತೆಗೆ ಬಂದಿತು.

ಈ ಯಂತ್ರದ ರಚನೆಯನ್ನು ಮೊದಲು ತಿಳಿಯೋಣ. ಮುಂದಿನ ಭಾರಕ್ಕೆ ಸಮತೂಕವಾಗಿ ಅದರ ಹಿಂಭಾಗದಲ್ಲಿ ಕಬ್ಬಿಣದ ದೊಡ್ಡ ತೂಕವನ್ನು ಕೂಡಿಸಿರುತ್ತಾರೆ. ಆದ್ದರಿಂದ 2.5 ಟನ್ ಎತ್ತಬಲ್ಲ ಯಂತ್ರವು ಸಾಮಾನ್ಯವಾಗಿ ತಾನೇ 3.5 ಟನ್ನಿಗೂ ಮಿಗಿಲಾಗಿ ತೂಗುತ್ತದೆ. ಅದು ತಿರುಗುವುದು ಹಿಂದಿನ ಗಾಲಿಗಳಿಂದ; ಹೀಗಾಗಿ ತಿರುವಿನಲ್ಲಿ ಹಿಂಭಾಗವು ಹೊರಕ್ಕೆ ಬೀಸುತ್ತದೆ. ಪಕ್ಕದಲ್ಲಿ ನಿಂತವರು ಗೋಡೆಗೋ ಕಂಬಕ್ಕೋ ಸಿಕ್ಕಿ ಜಜ್ಜಿಹೋಗುವುದು ಹೀಗೆಯೇ. ಭಾರವನ್ನು ಮೇಲಕ್ಕೆತ್ತಿದಷ್ಟೂ ಗುರುತ್ವಕೇಂದ್ರವು ಮೇಲೇರುತ್ತದೆ. ಆಗ ರಭಸದಿಂದ ತಿರುಗಿಸಿದರೆ ಯಂತ್ರವು ಮಗ್ಗುಲಿಗೆ ಮಗುಚುತ್ತದೆ.

ಮಗುಚುವಾಗ ಹೊರಕ್ಕೆ ಜಿಗಿಯುವುದು ಮನುಷ್ಯನ ಸಹಜ ಪ್ರವೃತ್ತಿ. ಪ್ರಾಣಕ್ಕೆ ಎರವಾಗುವುದೂ ಅದೇ. ಜಿಗಿದವನ ಮೇಲೆ ಯಂತ್ರದ ಮೇಲ್ಚೌಕಟ್ಟೇ ಬಂದು ಬೀಳುತ್ತದೆ. ಕುಳಿತು ನಡೆಸುವ ಯಂತ್ರವಾದರೆ ಸೀಟ್ ಬೆಲ್ಟನ್ನು ಸದಾ ಕಟ್ಟಿಕೊಂಡಿರಬೇಕು. ಮಗುಚುವಾಗ ಆಸನದಲ್ಲಿಯೇ ಉಳಿದು, ಸ್ಟಿಯರಿಂಗನ್ನು ಬಿಗಿಹಿಡಿದು, ಕಾಲುಗಳನ್ನು ಗಟ್ಟಿಯಾಗಿ ಊರಿ, ಬೀಳುವ ದಿಕ್ಕಿಗೆ ವಿರುದ್ಧವಾಗಿ ಬಾಗಬೇಕು.

ಇನ್ನು ನಿತ್ಯದ ಎಚ್ಚರಿಕೆಗಳು. ಸಾಗುವಾಗ ಭಾರವು ನೆಲದಿಂದ ಸುಮಾರು 15 ಸೆಂಟಿಮೀಟರಿನಷ್ಟೇ ಮೇಲಿರಲಿ. ಭಾರವು ದೃಷ್ಟಿಗೆ ಅಡ್ಡವಾದರೆ ಹಿಮ್ಮುಖವಾಗಿ ನಡೆಸಬೇಕು. ಆದರೆ ಇಳಿಜಾರನ್ನು ಏರುವಾಗ ಭಾರವು ಮುಂದೆಯೇ ಇರಬೇಕಾದ್ದರಿಂದ, ಸನ್ನೆಮಾಡಿ ದಾರಿ ತೋರುವವರೊಬ್ಬರು ಬೇಕು. ಎತ್ತಿದ ಭಾರದ ಕೆಳಗೆ ಯಾರೂ ಹಾಯಬಾರದು. ತೋಳುಗಳ ಮೇಲೆ ಯಾರೂ ಹತ್ತಿ ನಿಲ್ಲಬಾರದು. ನಡೆದಾಡುವವರಿಗೆ ಬೇರೆಯೇ ದಾರಿಯನ್ನು ಗುರುತಿಸಿಕೊಡುವುದು ಮಾಲೀಕರ ಹೊಣೆ.

ಕೈಕಾಲು ಬಹಳ ಹೊತ್ತು ಅದುಮಿಹೋಗಿದ್ದರೆ, ಹೊರಗೆ ಗಾಯ ಕಾಣದಿದ್ದರೂ ನಿರ್ಲಕ್ಷಿಸಲಾಗದು. ಜಜ್ಜಿದ ಸ್ನಾಯುಗಳಿಂದ ರಕ್ತಕ್ಕೆ ಸೇರುವ ಪದಾರ್ಥಗಳು ಮೂತ್ರಪಿಂಡಗಳನ್ನೂ ಹೃದಯವನ್ನೂ ಕೆಡಿಸಬಲ್ಲವು. ಕೂಡಲೇ 108ಕ್ಕೆ ಕರೆಮಾಡಬೇಕು. ಎಷ್ಟು ಹೊತ್ತು ಅದುಮಿತ್ತೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ನಡೆಸುವವನು ರಜೆಯಲ್ಲಿದ್ದಾನೆಂದು ಕೀಲಿಕೈಯನ್ನು ತರಬೇತಿಯಿಲ್ಲದ ಹುಡುಗನ ಕೈಗೆ ಕೊಡುವುದುಂಟು. ಅಂತಹ ಸಮಯದಲ್ಲಿ “ನನಗೆ ಬಾರದು” ಎನ್ನಲು ನಾಚಬೇಕಿಲ್ಲವೆಂದು, ಊರು ಬಿಟ್ಟು ದುಡಿಯಲು ಹೊರಟ ನಮ್ಮ ಮಕ್ಕಳಿಗೆ ನಾವು ಮನೆಯಲ್ಲಿಯೇ ಹೇಳಿ ಕಳುಹಿಸೋಣ.