ಹಳೇ ಸಿಂಥ್, ಚಿಕ್ಕ ಬಜೆಟ್

ನಾಲ್ಕು ಜನ ದುಡ್ಡು ಹಾಕಿ ಕೊಂಡ ಸಿಂಥಸೈಜರ್ ಮೂಲೆ ಸೇರಬಾರದು ಅಂದ್ರೆ, "ಬೆಲೆ ಎಷ್ಟು?" ಜೊತೆಗೆ "ಕೆಟ್ಟರೆ ಎಷ್ಟು?" ಅಂತಲೂ ಕೇಳಬೇಕು. 1980ರ ದಶಕದ ಮೂರು ಮಾಡೆಲ್ ನೋಡೋಣ.

ರೋಲ್ಯಾಂಡ್ ಜೂನೋ-106 (1984): ಅನಲಾಗ್, ತುಂಬು ದನಿ, ಮೂರರಲ್ಲಿ ದುಬಾರಿ. ಆರು ವಾಯ್ಸ್‌ಗೆ ಆರು ಚಿಪ್. ವಯಸ್ಸಾದಂತೆ ಇವು ಕೈ ಕೊಡುತ್ತವೆ. ಆರು ಕೀ ಒಟ್ಟಿಗೆ ಒತ್ತಿ ನೋಡಿ. ಒಂದು ಸ್ವರ ಕೇಳಿಸದಿದ್ದರೆ ಅನುಮಾನ ಪಡಿ.

ಯಮಹಾ ಡಿಎಕ್ಸ್7 (1983): ಡಿಜಿಟಲ್ ಎಫ್‌ಎಂ, 16 ವಾಯ್ಸ್. ತುಂಬಾ ಮಾರಾಟವಾಗಿದ್ದರಿಂದ ಇನ್ನೂ ಸಿಗುತ್ತೆ. ಒಳಗಿನ ಬ್ಯಾಟರಿ ಮುಗಿದರೆ ಸೇವ್ ಮಾಡಿದ ದನಿಗಳೆಲ್ಲ ಹೋಗುತ್ತವೆ. ಮೊದಲು ಮಿಡಿ ಮೂಲಕ ಬ್ಯಾಕಪ್ ತೆಗೆದು, ಆಮೇಲೆ ಹೊಸ ಬ್ಯಾಟರಿ ಸೋಲ್ಡರ್ ಮಾಡಬೇಕು.

ಕ್ಯಾಸಿಯೊ ಸಿಜೆಡ್-101 (1984): ಡಿಜಿಟಲ್, 49 ಪುಟ್ಟ ಕೀಗಳು. ಹಗುರ, ಬ್ಯಾಟರಿಯಲ್ಲೂ ಓಡುತ್ತೆ.

ಇನ್ನೊಂದು ಮಾತು: ಜಪಾನ್ ಮಾರುಕಟ್ಟೆಯ ಸೆಟ್ 100 ವೋಲ್ಟ್‌ನದು. ನಮ್ಮ 230 ವೋಲ್ಟ್‌ಗೆ ನೇರವಾಗಿ ಹಾಕಿದರೆ ಸುಟ್ಟು ಹೋಗಬಹುದು. ಹಿಂದಿನ ಲೇಬಲ್ ಓದಿ, ಬೇಕಾದರೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ಹಾಗಾಗಿ ನಮ್ಮ ಆಯ್ಕೆ: ದುಡ್ಡು ತೀರಾ ಕಮ್ಮಿ ಇದ್ದರೆ ಸಿಜೆಡ್-101, ಸೋಲ್ಡರಿಂಗ್ ಬರುತ್ತೆ ಅಂದ್ರೆ ಡಿಎಕ್ಸ್7. ಜೂನೋ ಆಸೆ ಇದ್ದರೆ ರಿಪೇರಿ ದುಡ್ಡು ಪಕ್ಕಕ್ಕಿಟ್ಟ ಮೇಲೇ ಕೈ ಹಾಕೋಣ.