ಸಹಿ ಹಾಕದ ಆಟಗಾರನ ಬೆಲೆ

ಕೊಡಗಿನ ವಿ. ಆರ್. ರಘುನಾಥರನ್ನು 2013ರ ಹಾಕಿ ಇಂಡಿಯಾ ಲೀಗಿನ ಹರಾಜಿನಲ್ಲಿ ಉತ್ತರ ಪ್ರದೇಶದ ತಂಡವು 76,000 ಡಾಲರಿಗೆ ಕೊಂಡುದು ವಾಚಕರಲ್ಲಿ ಕೆಲವರಿಗಾದರೂ ನೆನಪಿದ್ದೀತು. ಹರಾಜಿನಲ್ಲಿ ಆಟಗಾರನಿಗೆ ಬೆಲೆ ಬರುತ್ತದೆ. ಯಾವ ಊರಿಗಾಗಿ ಆಡಬೇಕೆಂಬ ಆಯ್ಕೆ ಮಾತ್ರ ಅವನ ಕೈಯಲ್ಲಿರುವುದಿಲ್ಲ. ಆ ಆಯ್ಕೆ ಅವನ ಕೈಗೆ ಬರುವ ಬಗೆಯೊಂದು ಅಮೆರಿಕದ ಐಸ್ ಹಾಕಿಯಲ್ಲಿದೆ. ಅದನ್ನು ಈ ಸಲ ವಿಚಾರಿಸೋಣ.

ಅಲ್ಲಿಯ ನ್ಯಾಷನಲ್ ಹಾಕಿ ಲೀಗಿನಲ್ಲಿ ಎಳೆಯ ಆಟಗಾರರ ಹರಾಜಿಲ್ಲ. ವರ್ಷಕ್ಕೊಮ್ಮೆ ತಂಡಗಳು ಸುತ್ತು ಸುತ್ತಾಗಿ, ಸರದಿಯಂತೆ, ಹುಡುಗರನ್ನು ಆರಿಸಿಕೊಳ್ಳುತ್ತವೆ. ಆರಿಸಿದ ತಂಡದೊಡನೆ ಮಾತ್ರ ಅವನು ಕರಾರು ಮಾಡಿಕೊಳ್ಳಬಹುದು. ಆದರೆ ಈ ಹಕ್ಕಿಗೆ ವಾಯಿದೆಯುಂಟು. ಅದು ಮುಗಿಯುವುದರೊಳಗೆ ಸಹಿ ಬೀಳದಿದ್ದರೆ ಹುಡುಗನು ಸ್ವತಂತ್ರನು. ಅಷ್ಟರಲ್ಲಿ ತಂಡವು ತನ್ನ ಹಕ್ಕನ್ನು ಬೇರೆ ತಂಡಕ್ಕೆ ಕೊಟ್ಟು, ಮುಂದಿನ ಆಯ್ಕೆಯ ಒಂದು ಸರದಿಯನ್ನು ಪ್ರತಿಯಾಗಿ ಪಡೆಯಬಹುದು.

ಒಂದು ಉದಾಹರಣೆ. 2012ರಲ್ಲಿ ನ್ಯಾಶ್‌ವಿಲ್ ತಂಡವು ಮೂರನೆಯ ಸುತ್ತಿನಲ್ಲಿ ಜಿಮ್ಮಿ ವೀಸಿ ಎಂಬ ತರುಣನನ್ನು ಆರಿಸಿತು. ಅವನು ಹಾರ್ವರ್ಡಿನಲ್ಲಿ ನಾಲ್ಕು ವರ್ಷ ಓದುತ್ತ ಆಡಿ, 2016ರಲ್ಲಿ ಕಾಲೇಜು ಹಾಕಿಯ ಶ್ರೇಷ್ಠ ಆಟಗಾರನೆಂಬ ಪಾರಿತೋಷಕ ಪಡೆದನು. ಆದರೆ ನ್ಯಾಶ್‌ವಿಲ್‌ಗೆ ಸಹಿ ಹಾಕಲೊಲ್ಲೆನೆಂದನು. ವಾಯಿದೆ ಆ ವರ್ಷದ ಆಗಸ್ಟ್ 15. ಜೂನ್ ತಿಂಗಳಲ್ಲಿ ಬಫಲೋ ತಂಡವು ಮೂರನೆಯ ಸುತ್ತಿನ ಒಂದು ಸರದಿ ಕೊಟ್ಟು ಹಕ್ಕನ್ನು ಪಡೆಯಿತು. ಅದು ಕೊಂಡದ್ದು ಆಟಗಾರನನ್ನಲ್ಲ, ಎಂಟು ವಾರಗಳ ಮಾತುಕತೆಯ ಅವಕಾಶವನ್ನು. ವೀಸಿ ವಾಯಿದೆ ಕಳೆಯಗೊಟ್ಟು ನ್ಯೂಯಾರ್ಕ್ ರೇಂಜರ್ಸ್ ತಂಡವನ್ನು ಸೇರಿದನು. ಬಫಲೋಗೆ ಉಳಿದದ್ದು ಸೊನ್ನೆ.

ಸಂಜೆಯಾದಂತೆ ನಮ್ಮ ಶಿವಾಜಿ ಮಾರ್ಕೆಟ್ಟಿನಲ್ಲಿ ಸೊಪ್ಪಿನ ಬೆಲೆ ಇಳಿಯುವುದಿಲ್ಲವೇ? ಸೊಪ್ಪು ಅದೇ, ಮಾರುವವನ ವೇಳೆ ತೀರುತ್ತ ಬಂದಿರುತ್ತದೆ. 2019ರಲ್ಲಿ ಆಡಂ ಫಾಕ್ಸ್ ಎಂಬವನ ಹಕ್ಕು ರೇಂಜರ್ಸ್‌ಗೆ ಹೋದಾಗ ವಾಯಿದೆಗೆ ಇನ್ನೂ ಒಂದು ವರ್ಷಕ್ಕೂ ಮಿಕ್ಕಿ ಕಾಲವಿತ್ತು. ಆಗ ಕ್ಯಾರೊಲಿನಾ ತಂಡಕ್ಕೆ ಎರಡನೆಯ ಸುತ್ತಿನ ಒಂದು ಸರದಿಯೂ ಷರತ್ತಿನ ಮೇಲೆ ಇನ್ನೊಂದೂ ದೊರೆತವು.

ಕಾದುದರಿಂದ ವೀಸಿಗೆ ಹೆಚ್ಚು ಸಂಬಳ ಬಂತೇ? ಇಲ್ಲ. ಹೊಸಬನ ವಾರ್ಷಿಕ ವೇತನಕ್ಕೆ ಆಗ ಎಲ್ಲ ತಂಡಗಳಲ್ಲಿಯೂ 925,000 ಡಾಲರಿನ ಒಂದೇ ಮಿತಿಯಿತ್ತು. ಅವನು ಗಳಿಸಿದ್ದು ಊರಿನ ಆಯ್ಕೆಯನ್ನು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ ಅದರ ಬೆಲೆ ಹೇಳಿಕೊಡಬೇಕಾಗಿಲ್ಲ.

ಆದರೂ ಕಾಯುವುದೇ ಜಾಣತನವೆಂದು ತಿಳಿಯಬಾರದು. ಸಹಿಯಿಲ್ಲದ ದಿನಗಳಲ್ಲಿ ತಂಡದ ಸಂಬಳವಿಲ್ಲ. ಕಾಲು ಮುರಿದರೆ ಕೇಳುವವರೂ ಇಲ್ಲದೆ ಹೋಗಬಹುದು. ಆದುದರಿಂದ ನಮ್ಮ ಹುಡುಗರ ಮುಂದೆ ಯಾವ ತಂಡವಾಗಲಿ, ಯಾವ ಕಾರಖಾನೆಯಾಗಲಿ ಕಾಗದ ಇಟ್ಟಾಗ ಸಂಬಳದ ಅಂಕಿಯನ್ನಷ್ಟೇ ನೋಡದೆ, ಕರಾರು ಮುಗಿಯುವ ತಾರೀಖನ್ನೂ, ಅಲ್ಲಿಯವರೆಗೆ ಯಾರು ಯಾರಿಗೆ ಕಟ್ಟುಬಿದ್ದಿರುತ್ತಾರೆಂಬುದನ್ನೂ ಓದಿಕೊಳ್ಳಲಿ. ಓದಲು ಕಷ್ಟವಾದರೆ ಕಾಗದವನ್ನು ವಾಚನಾಲಯಕ್ಕೆ ತರಲಿ, ಕೂಡಿ ಓದೋಣ.