ತವರಿನ ಶುಂಠಿ ಅರಸೀಕೆರೆಯಲ್ಲಿ ಏಕೆ ಸೊರಗುತ್ತದೆ?

ಬೇಲೂರಿನ ತವರಿಂದ ತಂದ ಶುಂಠಿಯ ಎಲೆಯಂಚು ಸುಡುತ್ತಿದೆ ಎಂದಿದ್ದೀರಿ. ಇದು ಹೆಚ್ಚಾಗಿ ಅರಸೀಕೆರೆಯ ಬಿಸಿಲು, ಒಣಗಾಳಿಯ ಕೆಲಸ. ಕುಂಡವನ್ನು ತೆಂಗಿನ ಮರದ ಅರೆನೆರಳಿಗೆ ಸರಿಸಿ, ಮಣ್ಣಿನ ಮೇಲೆ ತರಗೆಲೆ ಹೊದಿಸಿ. ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು ಕೊಡಿ. ದಿನಕ್ಕೆರಡು ಸಲ ಸುರಿಯುವಷ್ಟು ಅಕ್ಕರೆ ಬೇಡ!

ತವರಿನ ಚಿಂತೆಯೇ ಬೇರೆ. ಅಲ್ಲಿ ಜುಲೈ ಮಳೆಗೆ ಬುಡದಲ್ಲಿ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ, ಏರುಮಡಿ ಬೇಕೇ ಬೇಕು.

ಮುಂದಿನ ಸಲ ಏಪ್ರಿಲ್–ಮೇ ತಿಂಗಳಲ್ಲಿ, ಒಂದೆರಡು ಮಳೆ ಬಿದ್ದ ಮೇಲೆ, 20–25 ಗ್ರಾಂನ ಕಣ್ಣಿರುವ ತುಂಡನ್ನು ಎರಡಂಗುಲ ಆಳಕ್ಕೆ ಊರಿ. ಅಡುಗೆಗೆ ಆರು ತಿಂಗಳಿಗೇ ಕೀಳಬಹುದು. ಬಿತ್ತನೆಗಾದರೆ ಎಲೆ ಹಳದಿಯಾಗಿ ಒಣಗುವವರೆಗೆ, ಸುಮಾರು 8 ತಿಂಗಳು, ಕಾಯಿರಿ.